ಮೀನಾಕಾರನ ಸಲಕರಣೆಗಳಲ್ಲಿ ಸೇರದೆ ಉಳಿದವು

ಮದುವೆಗೆ ಒಡವೆ ಕೊಳ್ಳಲು ಹೋದವರು ಮೀನಾ ಕೆಲಸದ ಪದಕವನ್ನು ತಿರುಗಿಸಿ ನೋಡಿ, 'ಎಂಥ ಬಣ್ಣ!' ಅನ್ನುತ್ತಾರೆ. ಆ ಬಣ್ಣದ ಪುಡಿ ಯಾರ ಎದೆಯೊಳಗೆ ಇಳಿಯಿತೆಂದು ಕೇಳುವವರು ಕಡಿಮೆ. ನಾವು ಕೇಳೋಣ.

ಮೀನಾ ಅಂದರೆ ಬಣ್ಣದ ಗಾಜು. ಜಯಪುರ, ಕಾಶಿಗಳ ಕೆಲಸಗಾರನ ಸಲಕರಣೆಗಳು ಬಹಳವಿಲ್ಲ: ಗಾಜು ಅರೆಯುವ ಕಲ್ವ, ಬಣ್ಣದ ಬಟ್ಟಲು, ಸಲಾಕೆ, ಕುಂಚ, ಇಕ್ಕಳ, ಕುಲುಮೆ, ಸಾಣೆಕಲ್ಲು. ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ. ಲೋಹದಲ್ಲಿ ಕೊರೆದ ಗುಳಿಗೆ ಒದ್ದೆ ಪುಡಿ ತುಂಬಿ, ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸುತ್ತಾರೆ. ಹೆಚ್ಚು ಶಾಖ ತಾಳುವ ಬಣ್ಣ ಮೊದಲು, ಬೇಗ ಕೆಡುವ ಕೆಂಪು ಕೊನೆಗೆ.

ಗಾಜು ಬೇಗ ಕರಗಲೆಂದೂ ಹೊಳೆಯಲೆಂದೂ ಹಳೆಯ ಪಾಕಗಳಲ್ಲಿ ಸೀಸ ಸೇರಿಸುವುದು ರೂಢಿ. ಕೆಲವು ಕೆಂಪು, ಹಳದಿಗಳಲ್ಲಿ ಕ್ಯಾಡ್ಮಿಯಂ ಸಹ ಉಂಟು. ಒಡವೆಯಲ್ಲಿ ಕರಗಿ ಗಟ್ಟಿಯಾದ ಮೇಲೆ ಈ ವಿಷ ಬಹುಮಟ್ಟಿಗೆ ಗಾಜಿನಲ್ಲೇ ಸೆರೆ. ಆದರೆ ಅರೆಯುವಾಗ, ಒಣಪುಡಿ ಗುಡಿಸುವಾಗ, ಉಜ್ಜುವಾಗ ಅದು ಧೂಳು. ತೊಡುವವರಿಗೆ ಅಂದ, ಮಾಡುವವನಿಗೆ ಸೀಸ! ಮನೆಯೇ ಕಾರ್ಖಾನೆಯಾದಲ್ಲಿ ಆ ಧೂಳಿನ ನೆಲದ ಮೇಲೆ ಕೂಸು ಅಂಬೆಗಾಲಿಡುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ 4-5 ಪಟ್ಟು ಹೀರುತ್ತದೆಂದೂ, ಇಷ್ಟು ಸೀಸ ಅಪಾಯವಿಲ್ಲ ಅನ್ನಬಹುದಾದ ಪ್ರಮಾಣವೇ ಗೊತ್ತಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕಾನೂನು ಏನು ಮಾಡಿತು? ಗೋಡೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಕೂಡದೆಂಬ ನಿಯಮ 2017ರಲ್ಲಿ ಜಾರಿಗೆ ಬಂತು. ಒಳ್ಳೆಯದೇ. ಕೆಲಸಗಾರನ ಪಾಡೇನು? 1948ರ ಕಾರ್ಖಾನೆ ಕಾಯಿದೆಯಲ್ಲಿ ಸೀಸದ ವಿಷಬಾಧೆ ವರದಿ ಮಾಡಲೇಬೇಕಾದ ರೋಗವಾಗಿತ್ತು. ಆದರೆ ವಿದ್ಯುತ್ ಬಳಸುವಲ್ಲಿ 10 ಮಂದಿ ಇದ್ದರೆ ಮಾತ್ರ ಅದು ಕಾರ್ಖಾನೆ. 2020ರ ಸಂಹಿತೆ ಆ ಲೆಕ್ಕವನ್ನು 20ಕ್ಕೆ ಏರಿಸಿತು. ವಿದ್ಯುತ್ ಇಲ್ಲದಿದ್ದರೆ 40. ಮನೆಯ ಮೂಲೆಯಲ್ಲಿ ಅಪ್ಪ, ಮಗ, ಸೊಸೆ ಮೂವರೇ ಕೂತಿದ್ದರೆ ಅವರು ಯಾವ ಲೆಕ್ಕಕ್ಕೆ?

'ಇದು ಪರಂಪರೆಯ ಕಲೆ. ರಾಜಾ ಮಾನಸಿಂಗನು ಲಾಹೋರಿನಿಂದ ಕುಶಲಕರ್ಮಿಗಳನ್ನು ಕರೆಸಿದ ಕಾಲದಿಂದ ಹೀಗೆಯೇ ನಡೆದಿದೆ' ಅನ್ನುವವರುಂಟು. ನಡೆದದ್ದೆಲ್ಲ ನ್ಯಾಯವಾಗುವುದಾದರೆ ಜೀತವೂ ಪರಂಪರೆಯೇ. 'ಸೀಸವಿಲ್ಲದೆ ಹೊಳಪು ಬಾರದು' ಅನ್ನುವವರೂ ಉಂಟು. ಸೀಸವಿಲ್ಲದ ಮೀನಾ ಗಾಜು ಎಷ್ಟೋ ವರ್ಷಗಳಿಂದ ಮಾರುಕಟ್ಟೆಯಲ್ಲಿದೆ. ಅದಕ್ಕೆ ಕುಲುಮೆಯ ಶಾಖ, ಕೈಯ ಹದ ಬದಲಾಗಬೇಕು, ನಿಜ. ಕಲಿಯುವ ದಿನಗಳ ಕೂಲಿಯನ್ನು ಕೊಡುವವರು ಯಾರು ಎಂಬುದೇ ಅಸಲು ಪ್ರಶ್ನೆ.

2022ರಲ್ಲಿ ಕಾಶಿಯ ಗುಲಾಬಿ ಮೀನಾದ ಕಫ್‌ಲಿಂಕುಗಳನ್ನು ನಮ್ಮ ಪ್ರಧಾನಿಯವರು ಅಮೆರಿಕದ ಅಧ್ಯಕ್ಷರಿಗೆ ಕಾಣಿಕೆ ಕೊಟ್ಟರು. ಕಲೆಗೆ ಮಾನ ಬಂತು, ಸಂತೋಷ. ಆ ಮಾನದಲ್ಲಿ ಒಂದು ಪಾಲು ಕಲಾಕಾರನ ಶ್ವಾಸಕ್ಕೂ ಸಿಗಲಿ.

ಕೇಳುವುದು ದೊಡ್ಡದಲ್ಲ. ಸೀಸವಿಲ್ಲದ ಗಾಜು, ಸೂಕ್ಷ್ಮ ಧೂಳು ತಡೆಯುವ ಮುಖವಾಡ, ಏಕೆಂದರೆ ಮೂಗಿಗೆ ಕಟ್ಟಿದ ವಸ್ತ್ರ ಸಾಲದು, ಕುಲುಮೆಯ ಹೊಗೆ ಹೊರದಬ್ಬುವ ಫ್ಯಾನು, ಕಣ್ಣಿಗೆ ಶಾಖ ತಡೆಯುವ ಕನ್ನಡಕ, ಗುಡಿಸುವ ಬದಲು ಒದ್ದೆ ಬಟ್ಟೆ, ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆ. ಇಕ್ಕಳ, ಸಲಾಕೆಗಳಂತೆ ಇವೂ ಸಲಕರಣೆಗಳೇ. ಇವುಗಳ ವೆಚ್ಚ ತುಂಡುಗೂಲಿಯವನ ತಲೆಯ ಮೇಲಲ್ಲ, ಕೆಲಸ ಕೊಡುವ ವ್ಯಾಪಾರಿಯ ಮೇಲೆ ಬೀಳಬೇಕು. ಚಿನ್ನದ ತೂಕವನ್ನು ಗುಲಗಂಜಿಯವರೆಗೆ ಲೆಕ್ಕ ಹಾಕುವ ವ್ಯಾಪಾರಕ್ಕೆ ಒಂದು ಮುಖವಾಡದ ಲೆಕ್ಕ ಹಿಡಿಯಲಾರದೇ? ಮುಂದಿನ ಸಲ ಅಂಗಡಿಯಲ್ಲಿ ಸವಕಲಿ, ಮಜೂರಿ ಕೇಳುವಾಗ ಇದನ್ನೂ ಕೇಳಿರಿ.