ತಂಬೂರಿ ಎಲ್ಲಿ ಹೋತು?

ಈ ಸಲ ಪಂಚಮಿ ಉಂಡಿ ಬಗ್ಗೆ ಬರೀತೀನಿ ಅಂತ ನಿಮಗೆಲ್ಲಾ ಮಾತು ಕೊಟ್ಟಿದ್ದೆ. ಉಂಡಿ ಮುಂದಿನ ವಾರ. ಈ ವಾರ ನನಗ ಸಿಟ್ಟು ಬಂದದ, ಸಿಟ್ಟಿನ ಕೈಲೆ ಪಾಕ ಹಿಡದ್ರ ಉಂಡಿ ಕಲ್ಲಾಗತಾವ. ಅದಕ್ಕ ಮೊದಲ ಇದನ್ನ ಹೇಳಿ ಮುಗಿಸಿಬಿಡ್ತೀನಿ.

ನಮ್ಮವ್ವ ಈಗ ನನ್ನ ಹತ್ರನ ಇರೂದು ನಿಮಗ ಗೊತ್ತದ. ಎಂಬತ್ತೆರಡು ದಾಟ್ಯಾವ. ಹ್ವಾದ ವರ್ಷ ಬಿದ್ದಾಗಿಂದ ಹಾಸಗಿ ಬಿಟ್ಟು ಏಳೂದು ಕಡಿಮಿ. ಆಕಿಗೆ ಉಳದಿರೋ ಸುಖ ಅಂದ್ರ ಮುಂಜಾನೆ ಚಹಾ, ಮತ್ತ ಆ ದಾಸರ ಪದದ ಕ್ಯಾಸೆಟ್ಟು. ಅಪ್ಪ ಇದ್ದಾಗ, ನಾನು ಪಿಯುಸಿ ಓದೋ ಕಾಲಕ್ಕ, ಹುಬ್ಬಳ್ಳಿಯಿಂದ ತಂದದ್ದು. ಒಂದು ದೊಡ್ಡ ಕಚೇರಿಯೊಳಗ ಮುದ್ರಣ ಮಾಡಿದ್ದು ಅದು. ಮೊದಲ ತಂಬೂರಿ ಒಂದ, ಝೇಂಕಾರ ಹಾಕ್ಕೋತ ಇರ್ತದ. ಆಮ್ಯಾಲೆ ಯಾರೋ ಒಬ್ಬರು ಕೆಮ್ಮತಾರ. ಆಮ್ಯಾಲೆ ಗವಾಯಿಗಳು ಹಗೂರಕ, ಮನಿಯೊಳಗ ಮಲಗಿದ ಕೂಸನ್ನ ಎಬ್ಬಿಸಬಾರದು ಅನ್ನೋ ಹಂಗ, ಷಡ್ಜ ಹಚ್ಚತಾರ. ಪದ ಎತ್ತೋದ್ರೊಳಗ ನಮ್ಮವ್ವ ಒಲಿ ಮುಂದಿಂದ ಎದ್ದು ಬಂದು ಪಡಸಾಲಿ ಕಂಬಕ್ಕ ಆತು ನಿಂತಿರ್ತಿದ್ಲು. ಆ ಕೆಮ್ಮು ಸುದ್ದಾ ನಮಗ ಬಾಯಿಪಾಠ ಆಗಿತ್ತು. ನನ್ನ ತಮ್ಮ ಅದಕ್ಕ ಸರಿಯಾಗಿ ತಾನೂ ಕೆಮ್ಮಿ ಬೈಸ್ಕೋತಿದ್ದ.

ಮೂವತ್ತು ವರ್ಷ ಮ್ಯಾಲೆ ಓಡಿದ ಟೇಪು ಎಷ್ಟು ದಿವಸ ತಡದೀತು? ಈ ಚೈತ್ರದಾಗ ಟೇಪ್ ರೆಕಾರ್ಡರ್ ಅದನ್ನ ಜಗದು ನುಂಗಿಬಿಡ್ತು. ಅವ್ವಗ ಹೇಳದ, ಪ್ಯಾಟಿಗೆ ಹೋಗಿ ಅದ ಕಚೇರಿದು ಹೊಸಾ ಸಿ.ಡಿ. ಹುಡುಕಿ ತಂದೆ. ಮ್ಯಾಲೆ ದೊಡ್ಡ ಅಕ್ಷರದಾಗ ‘ಡಿಜಿಟಲಿ ರೀಮಾಸ್ಟರ್ಡ್’ ಅಂತ ಬರದಿತ್ತು. ಛಲೋ ಮಾಡ್ಯಾರ ಅಂದ್ಕೊಂಡು ಕೇಳಿದಷ್ಟು ರೊಕ್ಕಾ ಕೊಟ್ಟೆ.

ಮನಿಗೆ ಬಂದು ಹಚ್ಚಿದೆ. ತಂಬೂರಿ ಇಲ್ಲ. ಕೆಮ್ಮು ಇಲ್ಲ. ಧಡಕ್ಕನ ಗವಾಯಿಗಳ ದನಿ, ಕಿವಿ ಹತ್ರ ಬಂದು ನಿಂತಂಗ. ಹಗೂರಂದೂ ಜೋರಂದೂ ಎಲ್ಲಾ ಒಂದ ಎತ್ತರ. ತಬಲಾದ ಬಾಯಾ ಮೊದಲ ‘ಗುಂಮ್’ ಅಂತ ನೆಲದಾಗ ಇಳೀತಿತ್ತು, ಈಗ ರಟ್ಟಿನ ಡಬ್ಬಿ ಬಡದಂಗ. ಅವ್ವ ಎರಡು ನಿಮಿಷ ಕೇಳಿ ಕಣ್ಣು ತಗದ್ಲು. “ಇವರು ಯಾಕ ಹಿಂಗ ಒದರ್ಲಿಕತ್ತಾರ? ತಂಬೂರಿ ಎಲ್ಲಿ ಹೋತು?” ಅಂದ್ಲು. ಆಮ್ಯಾಲೆ “ಇದು ನಮ್ಮದಲ್ಲ, ಬಂದ್ ಮಾಡು” ಅಂತ ಗ್ವಾಡಿ ಕಡೆ ಮಾರಿ ಮಾಡಿ ಮಲಕ್ಕೊಂಡ್ಲು.

ಮುದುಕಿ ಕಿವಿ, ಮಂದ ಆಗಿರ್ಬೇಕು ಅಂತ ನಮ್ಮನಿಯವರು ಅಂದ್ರು. ಮಂದ ಆಗಿದ್ರ ಜೋರಾಗಿದ್ದದ್ದು ಛಲೋ ಅನಿಸಬೇಕಿತ್ತಲ್ಲಾ? ನನಗೂ ಹಂಗ ಕೇಳಿಸ್ತು, ನಂದೇನು ಮುದುಕಿ ಕಿವಿಯಲ್ಲ.

ನನ್ನ ತಂಗಿ ಮಗ ಬೆಂಗಳೂರಾಗ ಇದ ಧ್ವನಿಯ ಕೆಲಸ ಮಾಡತಾನ. ರಜಾಕ್ಕ ಬಂದಾಗ ಹರಕು ಟೇಪು ಜೋಡಿಸಿ, ಎರಡನ್ನೂ ಕಂಪ್ಯೂಟರಿನಾಗ ಹಾಕಿ ತೋರಿಸಿದಾ. ಹಳೇದರ ಚಿತ್ರ ಗುಡ್ಡದ ಸಾಲಿದ್ದಂಗ ಇತ್ತು, ಏರು, ಇಳಿವು, ನಡುವ ಬಯಲು. ಹೊಸಾದು ಇಟ್ಟಂಗಿ ಗ್ವಾಡಿ. ಖರೇನ, ಅವರ ಭಾಷಾದಾಗ ಅದಕ್ಕ ‘ಬ್ರಿಕ್‌ವಾಲ್’ ಅಂತನ ಅಂತಾರಂತ. “ದೊಡ್ಡಮ್ಮಾ, ಶಾಲಿ ಗ್ರೂಪ್ ಫೋಟೋದಾಗ ಸಣ್ಣ ಹುಡುಗ್ರನ್ನೆಲ್ಲಾ ಸ್ಟೂಲಿನ ಮ್ಯಾಲೆ ನಿಂದರಿಸಿ, ಎತ್ತರದವರ ತಲಿ ಒತ್ತಿ ಹಿಡದಂಗ ಇದು” ಅಂದಾ. ಡಿಜಿಟಲ್ ಧ್ವನಿಗೆ ಒಂದು ಛತ್ತು ಇರ್ತದ, ಅದನ್ನ ದಾಟಿ ಮ್ಯಾಲೆ ಹೋಗ್ಲಿಕ್ಕೆ ಬರೂದಿಲ್ಲ. ಅದಕ್ಕ ಕಂಪ್ರೆಸರ್, ಲಿಮಿಟರ್ ಅನ್ನೋವು ಜೋರಾಗಿದ್ದದ್ದರ ತಲಿ ತಗ್ಗಿಸ್ತಾವ, ಆಮ್ಯಾಲೆ ಎಲ್ಲಾನೂ ಕೂಡಿಸಿ ಛತ್ತಿನ ತನಕ ಎತ್ತತಾವ. ಜೋರಿಗೂ ಹಗೂರಕ್ಕೂ ನಡುವಿನ ಅಂತರ ಹೋಗಿಬಿಡ್ತದ.

ಹಂಗಾದ್ರ ತಂಬೂರಿ ಜೋರಾಗಿ ಕೇಳಬೇಕಲ್ಲೋ ಅಂತ ನಾ ಕೇಳಿದೆ. ಅದಕ್ಕೂ ಮೊದಲ ಇನ್ನೊಂದು ಕೆಲಸ ಮಾಡ್ಯಾರ. ಹಳೇ ಟೇಪಿನಾಗ ‘ಸುಂಯ್’ ಅನ್ನೋ ಶಬ್ದ ಇರ್ತದಲ್ಲಾ, ಅದನ್ನ ತಗೀಲಿಕ್ಕೆ ಒಂದು ಸಾಧನ ಅದ. ಒಂದ ಸಮ ನಡೀತಿರೋ ಸಣ್ಣ ಶಬ್ದ ಅಂದ್ರ ಕಸ ಅಂತ ಅದರ ತಿಳುವಳಿಕಿ. ನಮ್ಮ ತಂಬೂರಿನೂ ಒಂದ ಸಮ ನಡೀತದ ನೋಡ್ರಿ! ಕೈ ಬಿಗಿ ಹಿಡೀದ ಉಜ್ಜಿದ್ರ ಸುಂಯ್ ಜೋಡಿ ತಂಬೂರಿಯ ಝೇಂಕಾರನೂ ಒರಸಿ ಹೋಗ್ತದ. ನನಗ ಥಟ್ಟನ ನೆನಪಾದದ್ದು ನಮ್ಮ ಓಣಿಯ ಒಬ್ಬರು ಅತ್ತಿಯ ಇಳಕಲ್ ಸೀರಿಯನ್ನ ವಾಷಿಂಗ್ ಮಷೀನಿಗೆ ಹಾಕಿದ್ದು. ಸ್ವಚ್ಛ ಅಂತೂ ಆತು. ಸೆರಗಿನ ಬಣ್ಣ ಎಲ್ಲಾ ಒಡಲಿಗೆ ಇಳದಿತ್ತು.

ಯಾಕ ಹಿಂಗ ಮಾಡತಾರ? ದುರುದ್ದೇಶ ಅಲ್ಲ, ಪ್ಯಾಟಿ ಬುದ್ಧಿ. ಎರಡು ಹಾಡು ಬೆನ್ನಿಗೆ ಬೆನ್ನು ಹಚ್ಚಿದ್ರ, ಸ್ವಲ್ಪ ಜೋರಿದ್ದದ್ದು ಛಲೋ ಅದ ಅಂತ ಮನಶ್ಯಾರ ಕಿವಿಗೆ ಮೋಸ ಆಗ್ತದ. ಜಾತ್ರಿಯೊಳಗ ಒಬ್ಬ ಮಿಠಾಯಿಯಂವಾ ಕೂಗಿದ್ರ ಬಾಜೂದಂವಾ ಅವನಕಿಂತ ಜೋರ ಕೂಗತಾನಲ್ಲಾ, ಹಂಗ. ಹಳೇ ತಟ್ಟಿಯ ಕಾಲಕ್ಕ ಗೆರಿ ಭಾಳ ಆಳ ಅಗಲ ಆದ್ರ ಮುಳ್ಳು ಜಿಗೀತಿತ್ತು, ಅದೊಂದು ಮಿತಿ ಇತ್ತು. 1982ರಾಗ ಸಿ.ಡಿ. ಬಂತು. 96 ಡೆಸಿಬೆಲ್ ಅಂತರ ಹಿಡೀತದ, ಪಿಸುಮಾತಿಂದ ಸಿಡಿಲಿನ ತನಕ ಜಾಗಾ ಅದ ಅಂದ್ರು. ಇಷ್ಟು ದೊಡ್ಡ ಮನಿ ಕಟ್ಟಿ, ಎಲ್ಲಾರೂ ಅಟ್ಟದ ಮ್ಯಾಲೆ ಹೋಗಿ ಕೂತ್ರು! ತೊಂಬತ್ತರ ದಶಕದಿಂದ ಈ ಪೈಪೋಟಿ ಎಷ್ಟು ಏರ್ತು ಅಂದ್ರ ಇಂಗ್ಲಿಷ್‌ನ್ಯಾಗ ಇದಕ್ಕ ‘ಲೌಡ್‌ನೆಸ್ ವಾರ್’ ಅಂತ ಹೆಸರ ಬಿತ್ತು. ಯುದ್ಧ ಅವರದು, ಪೆಟ್ಟು ನಮ್ಮ ಕಿವಿಗೆ.

“ಇದೆಲ್ಲಾ ಲಕ್ಷ ರೂಪಾಯಿ ಸ್ಪೀಕರ್ ಇದ್ದವರ ಹವ್ಯಾಸ, ನಮಗ್ಯಾಕ” ಅಂತ ವೈನಿ ಫೋನಿನಾಗ ಅಂದ್ರು. ವೈನೀ, ನಮ್ಮವ್ವ ಕೇಳಿದ್ದು ಒಂಬೈನೂರು ರೂಪಾಯಿ ಡಬ್ಬಿಯೊಳಗ. ಅದರಾಗನ ಆಕಿಗೆ ತಂಬೂರಿ ಇಲ್ಲದ್ದು ತಿಳೀತು.

ಮತ್ತ ನಮ್ಮಂಥ ಸಾದಾ ಮಂದಿ ಗದ್ದಲ ಮಾಡಿದ್ದೂ ಅದ. ಅಮೇರಿಕಾದಾಗ ಮೆಟಾಲಿಕಾ ಅಂತ ಒಂದು ಮೇಳ, 2008ರಾಗ ‘ಡೆತ್ ಮ್ಯಾಗ್ನೆಟಿಕ್’ ಅನ್ನೋ ಆಲ್ಬಮ್ ತಂತು. ತಂಗಿ ಮಗ ನನಗ ಕೇಳಿಸಿದಾ, ಎರಡು ನಿಮಿಷಕ್ಕ ಸಾಕಾತು, ನನ್ನ ಪಾಲಿಗೆ ಅದು ಜಾತ್ರಿ ಗದ್ದಲನ. ಆದ್ರ ಅದನ್ನ ಪ್ರೀತಿ ಮಾಡೋ ಹುಡುಗ್ರ ಅಂದ್ರು, ‘ಇದು ಒಡದ ದನಿ, ನಮ್ಮ ಮೇಳದ್ದಲ್ಲ’ ಅಂತ. ಅವ್ವ ಅಂದ ಮಾತನ್ನ! ಅವರಿಗೆ ಹೆಂಗ ಗೊತ್ತಾತು ಅಂದ್ರ, ಅದ ಹಾಡುಗಳು ‘ಗಿಟಾರ್ ಹೀರೊ’ ಅನ್ನೋ ವಿಡಿಯೋ ಆಟದಾಗೂ ಇದ್ದು. ಅದರಾಗ ಇಷ್ಟು ಒತ್ತಿದ್ದಿಲ್ಲ, ಛಲೋ ಕೇಳ್ತಿದ್ದು. ಸಾವಿರಾರು ಮಂದಿ ಸಹಿ ಮಾಡಿ ಮತ್ತೊಮ್ಮೆ ಸರಿ ಮಾಡಿ ಕೊಡ್ರಿ ಅಂತ ಅರ್ಜಿ ಹಾಕಿದ್ರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಅನ್ನೋರು ಸುದ್ದಾ, ನನ್ನ ಕೈಗೆ ಬರೂದರೊಳಗನ ಅದು ಒತ್ತಿ ಹೋಗಿತ್ತು ಅಂತ ಹೇಳಬೇಕಾತು. ಕೆನಡಾದ ರಷ್ ಅನ್ನೋ ಮೇಳದ 2002ರ ಆಲ್ಬಮ್ಮಿಗೂ ಹಿಂಗ ತಕರಾರು ಇತ್ತು, ಅವರು 2013ರಾಗ ಅಷ್ಟೂ ಹಾಡನ್ನ ಹೊಸದಾಗಿ ಮಿಕ್ಸ್ ಮಾಡಿ ಬಿಡುಗಡಿ ಮಾಡಿದ್ರು. ಹನ್ನೊಂದು ವರ್ಷ ಹಿಡೀತು, ಆದ್ರ ಮಾಡಿದ್ರು. ಇಂಗ್ಲೆಂಡಿನ ಇಯಾನ್ ಶೆಫರ್ಡ್ ಅನ್ನೋ ಎಂಜಿನಿಯರ್ 2010ರಾಗ ‘ಡೈನಾಮಿಕ್ ರೇಂಜ್ ಡೇ’ ಅಂತ ಒಂದು ದಿವಸನ ಸುರು ಮಾಡಿದಾ. ಟಿ.ವಿ.ಯೊಳಗ ಧಾರಾವಾಹಿ ನಡುವ ಜಾಹೀರಾತು ಬಂದ ಕೂಡಲೆ ಗಂಟಲ ಹರಕೋತಾವಲ್ಲಾ, ಅದಕ್ಕ ಅಮೇರಿಕಾದಾಗ 2010ರಾಗ ಕಾಯಿದೇನ ಮಾಡ್ಯಾರ. ರಿಮೋಟ್ ಹುಡುಕಿ ಹುಡುಕಿ ಬ್ಯಾಸತ್ತ ನಮ್ಮಂಥಾ ಹೆಣ್ಣುಮಕ್ಕಳ ಅಲ್ಲೂ ಇದ್ದಾರು.

ಗದ್ದಲದ ಸಂಗೀತ ಕೇಳೋರಿಗೇ ಇಷ್ಟು ಕಾಳಜಿ ಇದ್ರ, ಹಗೂರಂದ್ರ ಏನು ಅನ್ನೋದರ ಮ್ಯಾಲೆನ ನಿಂತ ಸಂಗೀತದ ಊರಾಗ ಹುಟ್ಟಿದ ನಾವು ಸುಮ್ಮನ ಕೂಡೂದ? ಕುಂದಗೋಳದಾಗ ಸವಾಯಿ ಗಂಧರ್ವರ ಹತ್ರ ಕಲೀಲಿಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹಿಡದು ಹೋಗಿ ಬರ್ತಿದ್ರು. ಎದಕ್ಕ? ಒಂದು ಸ್ವರದ ಮ್ಯಾಲೆ ಎಷ್ಟು ಹೊತ್ತು ನಿಂದರಬೇಕು, ಎಷ್ಟು ತೂಕ ಇಡಬೇಕು, ಎಲ್ಲಿ ಬಿಡಬೇಕು, ಇದನ್ನ ಕಲೀಲಿಕ್ಕೆ. ಕಿರಾಣಾ ಘರಾಣಾದ ಆಲಾಪ ಅಂದ್ರ ಇಷ್ಟಿಷ್ಟ ಬಾಗಲಾ ತಗದಂಗ. ಒಬ್ಬರು ಇಡೀ ಜನ್ಮ ಹಾಕಿ ಗಳಿಸಿದ್ದನ್ನ ಇನ್ನೊಬ್ಬರು ಖುರ್ಚಿ ಮ್ಯಾಲೆ ಕೂತು ಒಂದು ಗುಂಡಿ ತಿರುವಿ ಸಪಾಟ ಮಾಡಿದ್ರ, ನನಗ ಸಿಟ್ಟ ಬರಬಾರದೇನು? ಹಾಡಿದವರಿಗೆ ಹೇಳಲಿಕ್ಕೆ ಆಗೂದಿಲ್ಲ, ಅವರು ಇಲ್ಲ. ಕೇಳಿದವರು ನಾವು ಇದ್ದೀವಿ.

ಒಂದು ಮಾತು ಒಪ್ಪತೀನಿ. ನಾನು ಖಾರಾ ಕುಟ್ಟಬೇಕಾದ್ರ, ಮಿಕ್ಸರ್ ನಡದಾಗ, ಹಗೂರಾದ ಆಲಾಪ ಕೇಳೂದಿಲ್ಲ. ಬಸ್ಸಿನಾಗ, ಕಾರಿನಾಗ ಸುದ್ದಾ. ಅಂಥಾ ಹೊತ್ತಿನಾಗ ಒತ್ತಿದ ಧ್ವನಿ ಅನುಕೂಲನ. ಆದ್ರ ಅದಕ್ಕ ಹಾಡಸೋ ಮಷೀನಿನಾಗ ಒಂದು ಗುಂಡಿ ಇಡ್ರಿ, ಬೇಕಾದವರು ಒತ್ತತಾರ. ಸಾರಿನಾಗ ಉಪ್ಪು ಕಡಿಮಿ ಆದ್ರ ತಾಟಿನಾಗ ಹಾಕ್ಕೋಬಹುದು. ಪಾತೇಲಿಗೇ ಸುರುವಿ ಕೊಟ್ರ ನಾ ಏನು ತಗೀಲಿ? ಅದೂ ಅಲ್ಲದ, ಈಗ ಸ್ಪಾಟಿಫೈ, ಯೂಟ್ಯೂಬ್ ಇಂಥಾವು ಜೋರಿದ್ದ ಹಾಡನ್ನ ತಾವ ತಗ್ಗಿಸಿ ಹಚ್ಚತಾವಂತ. ಅಂದ್ರ ಕೂಗಿದವಗ ಕೂಗಿದ ಲಾಭನೂ ಇಲ್ಲ. ಗಂಟಲ ಹೋದದ್ದ ಬಂತು. ಇನ್ನೂ ಯಾಕ ಒತ್ತತಾರೋ, ರೂಢಿ ಬಿದ್ದುಬಿಟ್ಟದ.

ಸಿ.ಡಿ. ಅಂಗಡಿಗೆ ಒಯ್ದು ವಾಪಸ್ ತಗೋರಿ ಅಂದೆ. “ಅಕ್ಕಾರ, ಹಾಡತದಲ್ಲರೀ, ಮತ್ತೇನು ಖೊಟ್ಟಿ ಅದ?” ಅಂದಾ ಅಂಗಡಿಯಂವಾ. ಅವನ ತಪ್ಪಿಲ್ಲ, ಚಹಾ ತರಿಸಿ ಕೊಟ್ಟಾ. ಕಂಪನಿಗೆ ಪತ್ರ ಬರದೆ, ಎರಡು ತಿಂಗಳಾತು, ಉತ್ತರ ಇಲ್ಲ. ಕಂಪನಿ ಹೆಸರು ಇಲ್ಲಿ ಹಾಕೂದಿಲ್ಲ, ಜಗಳ ಒಬ್ಬರ ಜೋಡಿ ಅಲ್ಲ. ಅಕ್ಕಿಯೊಳಗ ಒಂದು ಹಳ್ಳ ಬಂದ್ರ ಕಿರಾಣಿ ಅಂಗಡಿಯವನ ಜೋಡಿ ಅರ್ಧಾ ತಾಸು ವಾದಾ ಮಾಡೋ ನಾವು, ಹಾಡು ಕೆಟ್ಟಿದ್ರ ಮಾತ್ರ ‘ನಮಗೇನು ತಿಳೀತದ’ ಅಂತ ಬಾಯಿ ಮುಚ್ಚತೀವಿ. ಅವರಿಗೆ ಬೇಕಾದದ್ದೂ ಅದ.

ಅದಕ್ಕ ಎರಡನೇ ಪತ್ರ ಬರದೀನಿ, ತಂಗಿ ಮಗ ತಿದ್ದ್ಯಾನ. ಮೂಲ ಮುದ್ರಿಕೆ ಹೆಂಗ ಇತ್ತೋ ಹಂಗ, ಒತ್ತದ ಅಳಸದ ಒಂದು ಆವೃತ್ತಿ ಮಾರಾಟಕ್ಕ ಇಡ್ರಿ, ಸುಂಯ್ ಇದ್ರ ಇರಲಿ, ಕೆಮ್ಮು ಇದ್ರ ಇನ್ನೂ ಛಲೋ. ಬದಲಿ ಮಾಡಿದ್ದಿದ್ರ ಯಾವ ವರ್ಷ, ಯಾರು, ಏನು ಮಾಡ್ಯಾರ ಅಂತ ಡಬ್ಬಿ ಮ್ಯಾಲೆ ಬರೀರಿ. ಬಿಸ್ಕೀಟಿನ ಪುಡಿಕಿ ಮ್ಯಾಲೆ ಸಕ್ಕರಿ ಎಷ್ಟು ಅಂತ ಇರ್ತದ, ಹಾಡಿನ ಮ್ಯಾಲೆ ಯಾಕ ಇರಬಾರದು? ಮತ್ತ ಮೂಲ ಟೇಪುಗಳನ್ನ ಹೊಸಾದು ಬಂತಂತ ಒಗೀಬ್ಯಾಡ್ರಿ. ಇಷ್ಟ ಕೇಳೀನಿ.

ಒಬ್ಬಾಕಿ ಪತ್ರ ಕಸದ ಬುಟ್ಟಿಗೆ ಹೋತು. ಐವತ್ತು ಮಂದಿದು ಅಷ್ಟು ಸರಳ ಹೋಗೂದಿಲ್ಲ. ಶ್ರಾವಣದ ಎರಡನೇ ಶುಕ್ರವಾರ ನಮ್ಮನ್ಯಾಗ ಅರಿಶಿಣ ಕುಂಕುಮ, ಕಾಕು, ಮೌಶಿ, ಹಿಂದಿನ ಓಣಿಯವರು ಎಲ್ಲಾರೂ ಬರ್ರಿ. ಉಡಿ ತುಂಬೂಕಿಂತ ಮೊದಲ ಹತ್ತು ನಿಮಿಷ ಎರಡೂ ಹಚ್ಚತೀನಿ, ಜೋಡಿಸಿದ ಹರಕು ಟೇಪಿಂದು ಒಂದು, ಅಂಗಡಿದು ಒಂದು. ಎರಡನ್ನೂ ಒಂದ ಜೋರಿಗೆ ಇಟ್ಟು ಹಚ್ಚತೀನಿ, ಮೋಸ ಇಲ್ಲ. ಕೇಳಿದ ಮ್ಯಾಲೆ ಸಹಿ ಮಾಡೂದು ಬಿಡೂದು ನಿಮ್ಮ ಮನಸ್ಸು. ಪೆನ್ನು ನಾ ಇಟ್ಟಿರ್ತೀನಿ, ಚಷ್ಮಾ ನಿಮ್ಮ ನಿಮ್ಮದು ತರ್ರಿ. ಅವ್ವನ ಸಹಿ ಆಗ್ಲೇ ಆಗ್ಯದ, ಪತ್ರದ ಮ್ಯಾಲಿನ ತುದಿಗೆ, ಕೈ ನಡುಗಿ ಸ್ವಲ್ಪ ಸೊಟ್ಟ ಬಂದದ.