ಬಿಸಿಲಿಗೆ ಕರಗದ ಹಣ್ಣಿನ ಗಮ್ಮಿ

ಕರಡಿ, ಹುಳು, ಹಣ್ಣುಗಳ ಆಕಾರದ ‘ಗಮ್ಮಿ’ ಈಗ ನಮ್ಮ ಸ್ಟೇಶನ್ ಬಜಾರದ ಮಕ್ಕಳಿಗೂ ಹೊಸದಲ್ಲ. ಜಗಿದರೆ ರಬ್ಬರಿನಂತೆ ಹಿಗ್ಗುವ, ಹುಳಿ-ಸಿಹಿ ಬೆರೆತ ಮಿಠಾಯಿ ಅದು. “ಅಂಗಡಿಯದು ಬೇಡವೆಂದು ಮನೆಯಲ್ಲೇ ಹಣ್ಣಿನ ರಸಕ್ಕೆ ಜೆಲಾಟಿನ್ ಹಾಕಿ ಮಾಡಿದೆ ಸರ್. ಫ್ರಿಜ್ಜಿನಿಂದ ತೆಗೆದ ಅರ್ಧ ಗಂಟೆಗೆ ಪಾನಕವಾಗಿಬಿಟ್ಟಿತು. ಎಲ್ಲಿ ತಪ್ಪಿತು? ಇದು ಆರೋಗ್ಯಕ್ಕಾದರೂ ಒಳ್ಳೆಯದೇ?” ಎಂದು ವಿದ್ಯಾರ್ಥಿನಿಯೊಬ್ಬಳ ತಾಯಿ ಕೇಳಿದ್ದಾರೆ. ಆ ತಾಯಿ ಎಲ್ಲಿಯೂ ತಪ್ಪಿಲ್ಲ. ತಪ್ಪಿದ್ದರೆ ನಮ್ಮೂರ ಬಿಸಿಲಿನದು.

ಜೆಲಾಟಿನ್ ಎಂದರೇನು ಎಂಬುದನ್ನು ಮೊದಲು ನೋಡೋಣ. ಪ್ರಾಣಿಗಳ ಚರ್ಮ, ಮೂಳೆಗಳಲ್ಲಿ ಕೊಲ್ಲಾಜೆನ್ ಎಂಬ ಪ್ರೋಟೀನು ಇರುತ್ತದೆ. ಅದನ್ನು ಬಿಸಿನೀರಿನಲ್ಲಿ ಬೇಯಿಸಿ ತೆಗೆದದ್ದೇ ಜೆಲಾಟಿನ್. ಕೊಲ್ಲಾಜೆನ್ ಅಣು ಮೂರು ಎಳೆ ಹೊಸೆದ ಹಗ್ಗದಂತಿದೆ ಎಂದು 1954ರಲ್ಲಿ ಜಗತ್ತಿಗೆ ಹೇಳಿದವರು ಮದ್ರಾಸ್ ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಮುಂದೆ ಅಲ್ಲಿಗೇ ಮರಳಿದವರು. ಈ ಹಗ್ಗ ಬಿಸಿಗೆ ಬಿಚ್ಚಿಕೊಂಡು ಬಿಡಿ ಎಳೆಗಳಾಗುತ್ತದೆ. ತಣಿದಾಗ ಎಳೆಗಳು ಅಲ್ಲಲ್ಲಿ ಮತ್ತೆ ಹೊಸೆದುಕೊಂಡು ಬಲೆಯಾಗುತ್ತವೆ, ನೀರು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ನಾವು ತಿನ್ನುವ ಜೆಲ್ಲಿ.

ಆದರೆ ಈ ಬಲೆ 30ರಿಂದ 35 ಡಿಗ್ರಿ ಸೆಲ್ಸಿಯಸ್ ತಾಪಕ್ಕೆ ಬಿಚ್ಚಿಹೋಗುತ್ತದೆ. ತಂಪು ದೇಶದವರಿಗೆ ಇದು ದೊಡ್ಡ ಗುಣ. ತಟ್ಟೆಯಲ್ಲಿ ಗಟ್ಟಿ, ನಾಲಿಗೆಯ ಮೇಲೆ ನೀರು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ತಟ್ಟೆಗೂ ನಾಲಿಗೆಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಇದೇ ತೊಂದರೆ ಹಿಂದೊಮ್ಮೆ ಜರ್ಮನಿಯ ದೊಡ್ಡ ವಿಜ್ಞಾನಿಗಳಿಗೂ ಬಂದಿತ್ತು. 1881ರ ಸುಮಾರು. ರಾಬರ್ಟ್ ಕಾಖ್ ಅವರ ಬಳಗ ರೋಗಾಣುಗಳನ್ನು ಜೆಲಾಟಿನ್ ಮೇಲೆ ಬೆಳೆಸುತ್ತಿತ್ತು. ಬೇಸಿಗೆಯಲ್ಲಿ ಅದು ಕರಗುತ್ತಿತ್ತು. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಜೆಲಾಟಿನ್ನನ್ನೇ ಜೀರ್ಣಿಸಿ ನೀರು ಮಾಡುತ್ತಿದ್ದವು. ಬಳಗದಲ್ಲಿದ್ದ ವಾಲ್ತರ್ ಹೆಸ್ಸೆ ಎಂಬ ವೈದ್ಯ ಮನೆಯಲ್ಲಿ ಹೆಂಡತಿಯನ್ನು ಕೇಳಿದ: ನೀನು ಮಾಡುವ ಹಣ್ಣಿನ ಜೆಲ್ಲಿ ಬೇಸಿಗೆಯಲ್ಲೂ ಕರಗುವುದಿಲ್ಲವಲ್ಲ, ಹೇಗೆ? ಆಕೆ ಫ್ಯಾನಿ ಹೆಸ್ಸೆ. ಜೆಲಾಟಿನ್ ಬದಲು ಅಗರ್-ಅಗರ್ ಹಾಕುತ್ತಿದ್ದಳು. ಆ ಗುಟ್ಟನ್ನು ಜಾವಾದಲ್ಲಿ ಬಾಳಿ ಬಂದಿದ್ದ ನೆರೆಯವರಿಂದ ಕಲಿತಿದ್ದಳು. ಅಂದಿನಿಂದ ಇಂದಿನವರೆಗೆ ಲೋಕದ ಪ್ರಯೋಗಾಲಯಗಳಲ್ಲಿ ರೋಗಾಣು ಬೆಳೆಯುವುದು ಅಗರ್ ಮೇಲೆಯೇ. 1882ರಲ್ಲಿ ಕ್ಷಯರೋಗದ ಕುರಿತ ಪ್ರಸಿದ್ಧ ಪ್ರಬಂಧದಲ್ಲಿ ಕಾಖ್ ಅಗರ್ ಬಗ್ಗೆ ಬರೆದರು, ಹೆಸ್ಸೆ ದಂಪತಿಗಳ ಹೆಸರು ಬರೆಯಲಿಲ್ಲ. ಅಡುಗೆಮನೆಯ ಕೆಲಸಕ್ಕೆ ಲೆಕ್ಕವಿಲ್ಲವೆಂಬ ರೂಢಿ ಅಲ್ಲಿಯೂ ಇತ್ತು!

ಅಗರ್ ಎಂದರೆ ನಮ್ಮ ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂಬ ಹೆಸರಿನಲ್ಲಿ ಸಿಗುವ ಬಿಳಿ ಎಳೆ. ಹೆಸರು ಚೀನಾದ್ದಾದರೂ ಹುಲ್ಲಲ್ಲ, ಕೆಂಪು ಕಡಲಪಾಚಿಯಿಂದ ತೆಗೆದ ವಸ್ತು. ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಹೆಂಗಸರು ಕಡಲಿನಲ್ಲಿ ಮುಳುಗಿ ಈ ಪಾಚಿ ಕಿತ್ತು ತರುತ್ತಾರೆ. ಇದರ ಸ್ವಭಾವ ವಿಚಿತ್ರ. 35-40 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಆದರೆ ಒಮ್ಮೆ ಗಟ್ಟಿಯಾದದ್ದು ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ನಮ್ಮ ಮೇ ತಿಂಗಳೂ ಅಷ್ಟು ದೂರ ಹೋಗಲಾರದು.

ಬ್ಯಾಕ್ಟೀರಿಯಾ ಜೆಲಾಟಿನ್ನನ್ನು ನೀರು ಮಾಡುತ್ತದೆ ಎಂದೆನಲ್ಲ, ಆ ಕೆಲಸವನ್ನು ಹಣ್ಣೂ ಮಾಡುತ್ತದೆ. ವಿದ್ಯಾರ್ಥಿಗಳು ರಜೆಯಲ್ಲಿ ಮಾಡಿ ನೋಡಬಹುದು. ಮೂರು ಬಟ್ಟಲು ತೆಗೆದುಕೊಳ್ಳಿ. ಒಂದರಲ್ಲಿ ಜೆಲಾಟಿನ್ ದ್ರಾವಣಕ್ಕೆ ಹಸಿ ಅನಾನಸಿನ ರಸ, ಎರಡನೆಯದರಲ್ಲಿ ಜೆಲಾಟಿನ್‌ಗೆ ಚೆನ್ನಾಗಿ ಕುದಿಸಿದ ಅನಾನಸಿನ ರಸ, ಮೂರನೆಯದರಲ್ಲಿ ಅಗರ್ ದ್ರಾವಣಕ್ಕೆ ಹಸಿ ರಸ. ಫ್ರಿಜ್ಜಿನಲ್ಲಿಟ್ಟು ಮರುದಿನ ನೋಡಿದರೆ ಮೊದಲನೆಯದು ಮಾತ್ರ ನೀರಾಗಿಯೇ ಇರುತ್ತದೆ. ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಕುದಿಸಿದರೆ ಅದು ಕೆಡುತ್ತದೆ. ಅಗರ್ ಪ್ರೋಟೀನಲ್ಲ, ಸಕ್ಕರೆಯ ಜಾತಿಯ ಉದ್ದನೆಯ ಸರಪಳಿ, ಅದಕ್ಕೆ ಈ ಕತ್ತರಿ ತಾಗದು. ಮಾಂಸ ಬೇಗ ಮೆತ್ತಗಾಗಲೆಂದು ಪಪ್ಪಾಯಿ ಕಾಯಿ ಅರೆದು ಹಚ್ಚುತ್ತಾರಲ್ಲ, ಅಲ್ಲಿಯೂ ಇಂಥದೇ ಕಿಣ್ವ. ಕಾರಣ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದರೆ ಈ ಬಟ್ಟಲುಗಳು ನೆನಪಿಗೆ ಬರಲಿ.

ಇನ್ನೊಂದು ವಿಷಯ ಪಾಲಕರಿಗೆ. ಶಾಲೆಯಲ್ಲಿ ಮಕ್ಕಳು ಡಬ್ಬಿ ಹಂಚಿಕೊಂಡು ತಿನ್ನುತ್ತಾರೆ, ತಿನ್ನಲಿ. ಆದರೆ ಮಾಂಸ ತಿನ್ನದ ಮನೆಯ ಮಗು, ಇಂಥ ಪ್ರಾಣಿಯದು ಕೂಡದು ಎಂಬ ಮನೆಯ ಮಗು, ಎರಡೂ ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ತಿಂದ ಮೇಲೆ ತಿಳಿದು ಮಗು ಅಳುವಂತಾದರೆ ತಪ್ಪು ಮಗುವಿನದಲ್ಲ. ಜೆಲಾಟಿನ್ ಹಾಕಿದ್ದರೆ ಮೊದಲೇ ಹೇಳಿ ಕಳಿಸಿ. ಅಂಗಡಿಯ ಪೊಟ್ಟಣದಲ್ಲಾದರೆ ಹಸಿರು ಚುಕ್ಕಿ ಸಸ್ಯಾಹಾರದ ಗುರುತು. ಘಟಕಗಳ ಪಟ್ಟಿಯಲ್ಲಿ 406 ಎಂದಿದ್ದರೆ ಅಗರ್, 440 ಎಂದಿದ್ದರೆ ಹಣ್ಣಿನಿಂದ ತೆಗೆದ ಪೆಕ್ಟಿನ್.

ಈಗ ಮಾಡುವ ಬಗೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಮಲಾಪುರದ ಕೆಂಬಾಳೆ ನಮ್ಮ ಹೆಮ್ಮೆ. ಬೆಲೆ ಹೆಚ್ಚು, ಆದ್ದರಿಂದ ತೀರ ಕಳಿತು ಯಾರೂ ಮುಟ್ಟದ ಹಣ್ಣನ್ನೇ ಇದಕ್ಕೆ ಬಳಸಿ. ಒಳ್ಳೆಯ ಹಣ್ಣನ್ನು ಸುಲಿದು ಹಾಗೆಯೇ ತಿನ್ನುವುದು ಜಾಣತನ. 10 ಗ್ರಾಂ ಚೈನಾ ಗ್ರಾಸ್ ಎಳೆಯನ್ನು (ಪುಡಿಯಾದರೆ 5 ಗ್ರಾಂ ಸಾಕು) 200 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಯಾಡುತ್ತ ಒಂದೂ ಎಳೆ ಉಳಿಯದಂತೆ ಕುದಿಸಿ. ಬೇರೆ ಪಾತ್ರೆಯಲ್ಲಿ 300 ಮಿಲಿಲೀಟರಿನಷ್ಟು ಹಣ್ಣಿನ ತಿರುಳನ್ನು ಬೆಚ್ಚಗೆ ಮಾಡಿಕೊಳ್ಳಿ. ತಣ್ಣನೆಯ ತಿರುಳಿಗೆ ಸುರಿದರೆ ಅಗರ್ ಅಲ್ಲಲ್ಲೇ ಗಂಟುಕಟ್ಟುತ್ತದೆ. ಎರಡನ್ನೂ ಬೆರೆಸಿ, ಒಲೆಯಿಂದ ಇಳಿಸಿದ ಮೇಲೆ ಒಂದು ಚಮಚ ನಿಂಬೆರಸ ಹಾಕಿ. ಹುಳಿ ಹಾಕಿ ಕುದಿಸಿದರೆ ಅಗರ್ ಸರಪಳಿ ತುಂಡಾಗಿ ಜೆಲ್ಲಿ ಸಡಿಲವಾಗುತ್ತದೆ. ನಿಂಬೆಯಿಂದ ಬಾಳೆ ಕಪ್ಪಾಗುವುದೂ ಕಡಿಮೆಯಾಗುತ್ತದೆ. ತಟ್ಟೆಗೆ ಸುರಿದು, ತಣಿದ ಮೇಲೆ ಕತ್ತರಿಸಿ. ಕೆಂಪು ಗಮ್ಮಿ ಬರುವುದೆಂದು ಮಕ್ಕಳು ಕಾದಿದ್ದರೆ ನಿರಾಶೆಯಾದೀತು, ಕೆಂಬಾಳೆಯ ಕೆಂಪೆಲ್ಲ ಸಿಪ್ಪೆಯಲ್ಲಿ. ಬೇಕಾದರೆ ನಾಲ್ಕು ಹನಿ ಬೀಟ್‌ರೂಟ್ ರಸ ಹಾಕಿ. ಅಂಗಡಿಯದರಂತೆ ಇದು ರಬ್ಬರಿನಂತೆ ಹಿಗ್ಗುವುದಿಲ್ಲ, ಹಲ್ಲಿಗೆ ಸಿಕ್ಕೊಡನೆ ಮುರಿಯುತ್ತದೆ.

ಆರೋಗ್ಯದ ಮಾತಿಗೆ ಬಂದರೆ, ಜೆಲಾಟಿನ್ ಪ್ರೋಟೀನು ಹೌದು, ಅರೆ ಪ್ರೋಟೀನು. ದೇಹಕ್ಕೆ ಬೇಕೇಬೇಕಾದ ಟ್ರಿಪ್ಟೊಫಾನ್ ಅದರಲ್ಲಿಲ್ಲ. ಒಂದು ಹಿಡಿ ಶೇಂಗಾ ಅದಕ್ಕಿಂತ ಮೇಲು. ಗಮ್ಮಿಯ ನಿಜವಾದ ಪ್ರಶ್ನೆ ಸಕ್ಕರೆಯದು. ಹೊರಗಿನಿಂದ ಹಾಕುವ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಹತ್ತನೇ ಒಂದು ಭಾಗ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಜೇನು ಮತ್ತು ಸೋಸಿದ ಹಣ್ಣಿನ ರಸವನ್ನೂ ಆ ಲೆಕ್ಕಕ್ಕೇ ಹಿಡಿದಿದೆ. ಕಳಿತ ಬಾಳೆಗೆ ಸಕ್ಕರೆಯ ಹಂಗಿಲ್ಲ. ಹಾಕದಿರಿ. ಐದು ವರ್ಷದೊಳಗಿನ ಮಕ್ಕಳಿಗೆ ದುಂಡಗಿನ ತುಂಡು ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕದಾಗಿ ಹೆಚ್ಚಿ, ಎದುರಿಗೆ ಕೂತು ತಿನ್ನಿಸಿ.

ಬಿಸಿಲಿಗೆ ಕರಗುವುದಿಲ್ಲವೆಂದು ಹೊರಗೆ ಇಡುವಂತಿಲ್ಲ. ಫ್ರಿಜ್ಜಿನಲ್ಲಿ ಮುಚ್ಚಿಟ್ಟು ಎರಡು-ಮೂರು ದಿನದಲ್ಲಿ ಮುಗಿಸಿ. ಹಣ್ಣು, ನೀರು, ಅಗರ್ ಮೂರೂ ಸೇರಿದರೆ ಕಾಖ್ ಅವರ ಪ್ರಯೋಗಾಲಯದ ತಟ್ಟೆಯೇ ಸಿದ್ಧವಾದಂತೆ. ಮರೆತು ಉಳಿದದ್ದರ ಮೇಲೆ ಬಿಳಿಯದೋ ಹಸಿರೋ ಬೂಷ್ಟು ಕಂಡರೆ ಮುಚ್ಚಳ ತೆಗೆಯದೆ ಭೂತಗನ್ನಡಿ ಹಿಡಿದು ಮಕ್ಕಳಿಗೆ ತೋರಿಸಿ, ಆಮೇಲೆ ಎಸೆಯಿರಿ.