ಹಳೆಯ ಹೆಸರುಗಳ ಪಟ್ಟಿಯೊಂದು ಗ್ರಂಥಾಲಯದ ಮೇಜಿನ ಮೇಲಿರಲಿ

ಸಂಶೋಧನ ಪ್ರಬಂಧಗಳ ಪೀಠಿಕೆಯಲ್ಲಿ ಮತ್ತೆ ಮತ್ತೆ ಕಾಣುವ ಮಾತೊಂದಿದೆ: ಈ ವಿಷಯದ ಮೇಲೆ ಇದುವರೆಗೆ ಯಾವ ಅಧ್ಯಯನವೂ ನಡೆದಿಲ್ಲ ಎಂಬುದು. ಗಡಿನಾಡಿನ ವಿಷಯಗಳನ್ನು ಎತ್ತಿಕೊಂಡ ಪ್ರಬಂಧಗಳಲ್ಲಂತೂ ಇದು ನಾಂದಿಪದ್ಯದಂತೆ ಮೊದಲ ಪುಟದಲ್ಲೇ ಬಂದು ಕೂರುತ್ತದೆ. ಆ ಮಾತಿನ ಹಿಂದಿನ ಪರಿಶ್ರಮವನ್ನು ವಿಚಾರಿಸಿದರೆ ಹಲವು ಸಲ ದೊರೆಯುವ ಉತ್ತರ ಇಷ್ಟೇ. ವಿದ್ಯಾರ್ಥಿ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತು, ವಿದ್ವತ್ಪತ್ರಿಕೆಗಳ ಡೇಟಾಬೇಸ್ ಒಂದರಲ್ಲಿ ಊರಿನ ಹೆಸರನ್ನು ಈಗಿನ ಕಾಗುಣಿತದಲ್ಲಿ ಟೈಪು ಮಾಡಿದ; ಏನೂ ಬರಲಿಲ್ಲ; ಎದ್ದು ಬಂದ.

ಕೇಳಿದ ಪದ ಸಿಗಲಿಲ್ಲ ಎಂಬುದಕ್ಕೂ ಬರವಣಿಗೆಯೇ ಇಲ್ಲ ಎಂಬುದಕ್ಕೂ ಬಹಳ ಅಂತರವಿದೆ. ಗಡಿಯಾಚೆಯ ಕನ್ನಡದ ಮಟ್ಟಿಗೆ ಈ ಅಂತರ ಬರಿಯ ಶಾಸ್ತ್ರದ ಮಾತಲ್ಲ. ಒಂದು ಪ್ರದೇಶದಲ್ಲಿ ಯಾವ ಭಾಷೆ, ಯಾವ ಆಚರಣೆ ಎಂದಿನಿಂದ ಇತ್ತೆಂಬ ಪ್ರಶ್ನೆ ಎದ್ದಾಗ, ದಾಖಲೆಯಿಲ್ಲವೆಂದು ಆ ಭಾಷೆಯವರೇ ಬರೆದಿಟ್ಟರೆ ಮುಂದಿನವರು ಅದನ್ನೇ ಎತ್ತಿ ಹಿಡಿಯುತ್ತಾರೆ.

ತುಳುನಾಡಿನ ಭೂತಾರಾಧನೆಯನ್ನೇ ನೋಡಬಹುದು. ಕಾಸರಗೋಡಿನ ವಿದ್ಯಾರ್ಥಿ ಇದಕ್ಕಾಗಿ ಹುಡುಕುವಾಗ ದೈವ, ಭೂತ, ಕೋಲ, ಪಾಡ್ದನ ಎಂಬ ಪದಗಳನ್ನು ರೋಮನ್ ಲಿಪಿಯಲ್ಲಿ ಕೊಡುವುದು ಸಹಜ. ಆದರೆ ಈ ವಿಷಯದ ಮೇಲೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ 1894ರಿಂದ ಕಂತುಕಂತಾಗಿ ಪ್ರಕಟವಾದ ದೀರ್ಘ ಬರವಣಿಗೆಯ ಶೀರ್ಷಿಕೆಯಲ್ಲಿ ಇವುಗಳಲ್ಲಿ ಒಂದು ಪದವೂ ಇಲ್ಲ. ಅಲ್ಲಿರುವುದು ‘ದಿ ಡೆವಿಲ್ ವರ್ಷಿಪ್ ಆಫ್ ದಿ ತುಳುವಾಸ್’. ಮದರಾಸು ಸಿವಿಲ್ ಸೇವೆಯ ಎ. ಸಿ. ಬರ್ನೆಲ್ ಬಿಟ್ಟುಹೋದ ಕಾಗದಪತ್ರಗಳನ್ನು ಆತನ ಮರಣಾನಂತರ ಆರ್. ಸಿ. ಟೆಂಪಲ್ ಅಚ್ಚು ಹಾಕಿಸಿದ ಬರಹವದು. ದೈವವನ್ನು ಪಿಶಾಚಿಯೆಂದು ಕರೆದ ಆ ಶೀರ್ಷಿಕೆ ಇಂದು ಯಾರಿಗೂ ಹಿತವಾಗದು. ಆದರೂ ಆ ಅಹಿತವಾದ ಪದವನ್ನು ಟೈಪು ಮಾಡದೆ ಪಾಡ್ದನಗಳ ಆ ಹಳೆಯ ಪಾಠಗಳ ಬಳಿಗೆ ಹೋಗುವ ದಾರಿ ಸುಲಭವಾಗಿ ತೆರೆಯುವುದಿಲ್ಲ. ಶೋಧಕನಾದವನು ತಾನು ಒಪ್ಪದವರ ಶಬ್ದಗಳನ್ನೂ ಅರಿತಿರಬೇಕಾಗುತ್ತದೆ. ಇದೇ ಬರ್ನೆಲ್, ಹೆನ್ರಿ ಯೂಲ್‌ನೊಡನೆ ಸಿದ್ಧಪಡಿಸಿ 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಕೋಶವು ಭಾರತೀಯ ಪದಗಳನ್ನೂ ಸ್ಥಳನಾಮಗಳನ್ನೂ ಐರೋಪ್ಯರು ಕಾಲಕಾಲಕ್ಕೆ ಹೇಗೆಲ್ಲ ಬರೆದರೆಂಬುದನ್ನು ಇಸವಿಯೊಡನೆ ಕೊಡುತ್ತದೆ. ಹಳೆಯ ಕಾಗುಣಿತ ಹುಡುಕುವವರಿಗೆ ಇಂದಿಗೂ ಅದು ಒಳ್ಳೆಯ ನೆರವು.

ಭಾಷೆಯ ಹೆಸರೂ ಒಂದೇ ಆಗಿ ಉಳಿದಿಲ್ಲ. ಹತ್ತೊಂಬತ್ತನೆಯ ಶತಮಾನದ ಲೇಖನಗಳಲ್ಲಿ ಕನ್ನಡವು ಸಿ ಅಕ್ಷರದ ಕ್ಯಾನರೀಸ್. ಕೆಲವರಲ್ಲಿ ಕೆ ಅಕ್ಷರದ ಕೆನರೀಸ್. ಜೆ. ಎಫ್. ಫ್ಲೀಟ್‌ನ ಶಾಸನ ಲೇಖನಗಳಲ್ಲಿ ಹಳಗನ್ನಡವು ಓಲ್ಡ್ ಕ್ಯಾನರೀಸ್. ವಚನ ಎಂಬಲ್ಲಿ ಚಕಾರಕ್ಕೆ ಸಿ ಮತ್ತು ಎಚ್ ಎರಡನ್ನೂ ಹಾಕುವವರಿದ್ದಾರೆ; ವಿದೇಶದ ವಿದ್ವಾಂಸರು ಲಿಪ್ಯಂತರ ಪದ್ಧತಿಯನ್ನು ಅನುಸರಿಸಿ ಸಿ ಒಂದನ್ನೇ ಹಾಕುತ್ತಾರೆ. ಯಕ್ಷಗಾನದಲ್ಲಿ ಕ್ಷಕಾರಕ್ಕೂ ಇದೇ ಅವಸ್ಥೆ. ಹಳೆಯ ಪುಟಗಳನ್ನು ಯಂತ್ರ ಓದಿ ಪಠ್ಯವಾಗಿಸುವಾಗ ಅಕ್ಷರದ ಕೆಳಗಿನ ಚುಕ್ಕೆ, ಮೇಲಿನ ಗೆರೆ ಬಿದ್ದುಹೋಗುವುದೋ ಬೇರೊಂದು ಅಕ್ಷರವಾಗುವುದೋ ಸಾಮಾನ್ಯ.

ಇನ್ನು ಸ್ಥಳಗಳು. ಎಸ್. ಆರ್. ರಂಗನಾಥನ್ ತಮ್ಮ ಕೋಲನ್ ವರ್ಗೀಕರಣದಲ್ಲಿ ಯಾವುದೇ ವಿಷಯವನ್ನು ಮುಖಗಳಾಗಿ ಬಿಡಿಸಿ ನೋಡುವ ಕ್ರಮವನ್ನು ಕಲಿಸಿದರು. ದೇಶ ಮತ್ತು ಕಾಲ ಅವುಗಳಲ್ಲಿ ಎರಡು. ಬೆಂಗಳೂರಿನಲ್ಲಿ 1962ರಲ್ಲಿ ಅವರು ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಇದೆ. ಗಡಿನಾಡಿನ ಶೋಧನೆಗೆ ಈ ಎರಡು ಮುಖಗಳನ್ನು ಜೋಡಿಸಿಯೇ ನೋಡಬೇಕು, ಏಕೆಂದರೆ ಇಲ್ಲಿ ಕಾಲ ಬದಲಾದಂತೆ ದೇಶದ ಹೆಸರೂ ಬದಲಾಗಿದೆ. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅದಕ್ಕೂ ಹಿಂದಿನ ಲೇಖನವನ್ನು ಕರ್ನೂಲು, ಅನಂತಪುರ ಎಂದು ಹುಡುಕಿದವರ ಕೈಗೆ ಏನೂ ಹತ್ತದು. ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ತಾಳವಾಡಿಯನ್ನು ಈರೋಡಿನಲ್ಲಷ್ಟೇ ಅಲ್ಲ, ಕೊಯಮತ್ತೂರಿನಲ್ಲೂ ಹುಡುಕಬೇಕು. ಕಾಸರಗೋಡು 1956ರ ನವೆಂಬರ್ 1ರವರೆಗೆ ಸೌತ್ ಕೆನರಾ, ಬಳಿಕ ಕ್ಯಾನನೂರ್, 1984ರಿಂದ ಸ್ವಂತ ಜಿಲ್ಲೆ. ನೀಲಗಿರಿಯನ್ನು ಹಳಬರು ಬರೆದ ಕಾಗುಣಿತ ಬೇರೆ, ಬಡಗರನ್ನು ಅವರು ಬರ್ಗರ್ ಎಂದದ್ದೂ ಉಂಟು. ನೀಲಗಿರಿಯವರಿಗೆ ಒಂದು ಭಾಗ್ಯವಿದೆ: ಪಾಲ್ ಹಾಕಿಂಗ್ಸ್ ಆ ಬೆಟ್ಟಗಳಿಗೆಂದೇ ಒಂದು ಗ್ರಂಥಸೂಚಿಯನ್ನು ರಚಿಸಿದ್ದಾರೆ. ಅಂಥದೊಂದು ಗಡಿಯ ಪ್ರತಿ ಕನ್ನಡ ಸೀಮೆಗೂ ಬೇಕಿತ್ತು.

ಜತ್ತದ ಪಾಡು ಇನ್ನೂ ವಿಚಿತ್ರ. ಹಳೆಯ ದಾಖಲೆಗಳಲ್ಲಿ ಅದರ ಹೆಸರು ಕೊನೆಯ ಎಚ್ ಇಲ್ಲದೆಯೂ ಬರುತ್ತದೆ. ಹಾಗೆ ಟೈಪು ಮಾಡಿದ ಕ್ಷಣವೇ ಉತ್ತರ ಭಾರತದ ಜಾಟ್ ಸಮುದಾಯದ ಮೇಲಿನ ಲೇಖನಗಳ ಹೊಳೆಯೇ ಹರಿದು ಬರುತ್ತದೆ. ಆಗ ಊರಿನ ಹೆಸರಿಗೆ ಡೆಕ್ಕನ್, ಬಿಜಾಪುರ, ಮರಾಠಾ ಎಂಬ ನೆರೆಯ ಪದಗಳಲ್ಲಿ ಒಂದಾದರೂ ಇರಲೇಬೇಕೆಂಬ ನಿಬಂಧನೆ ಹಾಕಬೇಕು. ಇದಕ್ಕೆ ಬಳಕೆಯಾಗುವುದು ಜಾರ್ಜ್ ಬೂಲ್ ಎಂಬ ಗಣಿತಜ್ಞನ ಹೆಸರಿನಲ್ಲಿ ನಡೆದಿರುವ ಮೂರು ಪುಟ್ಟ ಪದಗಳು: ಆಂಡ್, ಆರ್, ನಾಟ್. ಒಂದೇ ವಸ್ತುವಿನ ಪರ್ಯಾಯ ಹೆಸರುಗಳನ್ನೆಲ್ಲ ಆರ್‌ನಿಂದ ಕೂಡಿಸಿ ಆವರಣ ಚಿಹ್ನೆಯೊಳಗಿಡುವುದು. ಬೇರೆ ಬೇರೆ ಮುಖಗಳನ್ನು ಆಂಡ್‌ನಿಂದ ಜೋಡಿಸುವುದು. ಕನ್ನಡ ಆರ್ ಕ್ಯಾನರೀಸ್ ಆರ್ ಕೆನರೀಸ್ ಒಂದು ಆವರಣ; ಬಳ್ಳಾರಿ ಆರ್ ಆದೋನಿ ಮತ್ತೊಂದು. ನಾಟ್ ಮಾತ್ರ ಹರಿತವಾದ ಕತ್ತಿ. ಜಾಟರನ್ನು ಬಿಡಲು ಪಂಜಾಬ್ ಬೇಡವೆಂದರೆ, ಅಡಿಟಿಪ್ಪಣಿಯಲ್ಲಿ ಎಲ್ಲೋ ಪಂಜಾಬಿನ ಹೆಸರೆತ್ತಿದ ಜತ್ತದ ಲೇಖನವೂ ಅದರೊಡನೆ ಹೋಗುತ್ತದೆ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಹಲವು ಡೇಟಾಬೇಸ್‌ಗಳು ಅದರ ಎಲ್ಲ ರೂಪಗಳನ್ನೂ ತರುತ್ತವೆ. ಕೆನರಾದ ಮೊದಲ ಐದು ರೋಮನ್ ಅಕ್ಷರಗಳಿಗೆ ನಕ್ಷತ್ರ ಹಾಕಿದರೆ ಕೆನರಾ, ಕ್ಯಾನರೀಸ್ ಎರಡೂ ಬರುತ್ತವೆ, ಜೊತೆಗೆ ಕ್ಯಾನರಿ ಹಕ್ಕಿಯೂ ಹಾರಿ ಬರುತ್ತದೆ. ಹೆಸರು ಎರಡು ಪದಗಳದ್ದಾದರೆ ಉದ್ಧರಣ ಚಿಹ್ನೆಯೊಳಗಿಡಬೇಕೆಂಬುದು ಎಲ್ಲರೂ ಬಲ್ಲ ಸಂಗತಿ.

ಕನ್ನಡ ಲಿಪಿಯಲ್ಲೇ ಹುಡುಕಿದರೆ ಈ ತೊಡಕು ತಪ್ಪೀತೆಂದರೆ ಅದೂ ಅರ್ಧ ಸತ್ಯ. ಶೋಧಗಂಗಾದಂಥ ಪ್ರಬಂಧ ಭಂಡಾರಗಳಿಗೆ ಸೇರಿದ ಕನ್ನಡ ಪ್ರಬಂಧ ಯೂನಿಕೋಡ್ ಅಲ್ಲದ ಹಳೆಯ ಅಕ್ಷರರೂಪದಲ್ಲಿ ಬೆರಳಚ್ಚಾಗಿದ್ದರೆ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಇನ್ನು ಕೆಲವು ಬರಿಯ ಚಿತ್ರಗಳು. ಯೂನಿಕೋಡ್‌ನಲ್ಲಿದ್ದರೂ ವಿಭಕ್ತಿ ಪ್ರತ್ಯಯ ಕಾಡುತ್ತದೆ: ಕಾಸರಗೋಡು ಎಂದು ಕೇಳಿದರೆ ಕಾಸರಗೋಡಿನ ಎಂಬುದು ಬಾರದಿರಬಹುದು. ಸಮಾಸವನ್ನು ಒಬ್ಬರು ಕೂಡಿಸಿ ಬರೆದರೆ ಮತ್ತೊಬ್ಬರು ಬಿಡಿಸಿ ಬರೆಯುತ್ತಾರೆ. ಸಂಧಿ, ಸಮಾಸ, ವಿಭಕ್ತಿಗಳು ಪರೀಕ್ಷೆಯ ನಂತರ ಯಾವ ಉಪಯೋಗಕ್ಕೆಂದು ಕೇಳುವ ಐಚ್ಛಿಕ ಕನ್ನಡ ವಿದ್ಯಾರ್ಥಿಗಳು ಇಲ್ಲೊಮ್ಮೆ ನೋಡಬೇಕು.

ಈ ಹೊತ್ತಿನ ಏರ್ಪಾಟಿನ ಕೊರತೆಯೂ ಇಲ್ಲೇ ಇದೆ. ಗ್ರಂಥಪಾಲಕರಿಗೆ ಡೇಟಾಬೇಸ್‌ನ ಕೀಲುಗಳೆಲ್ಲ ಗೊತ್ತು; ಎನ್-ಲಿಸ್ಟ್ ಮೂಲಕ ಕಾಲೇಜಿಗೆ ಯಾವ ಪತ್ರಿಕೆಗಳು ದೊರೆಯುತ್ತವೆ ಎಂಬುದೂ ಗೊತ್ತು. ಗಡಿಯಾಚೆಯ ಕಾಲೇಜುಗಳಲ್ಲಿ ಅವರು ಕನ್ನಡ ಬಲ್ಲವರೇ ಆಗಿರಬೇಕೆಂದಿಲ್ಲ. ಆದವಾನಿಗೂ ಬಳ್ಳಾರಿಗೂ ಇದ್ದ ನಂಟು ಅವರಿಗೆ ಹೊಳೆಯದಿದ್ದರೆ ತಪ್ಪೂ ಅಲ್ಲ. ಕನ್ನಡ ವಿಭಾಗಕ್ಕೆ ಆ ನಂಟು ಗೊತ್ತು, ಕೀಲು ಗೊತ್ತಿಲ್ಲ. ಹುಡುಕುವುದು ಗ್ರಂಥಪಾಲಕರ ಕೆಲಸವೆಂದು ವಿಭಾಗವೂ, ವಿಷಯ ವಿಭಾಗದ್ದೆಂದು ಗ್ರಂಥಾಲಯವೂ ಸುಮ್ಮನಾದರೆ ನಷ್ಟ ವಿದ್ಯಾರ್ಥಿಗೆ. ಈಗಿನ ಯಂತ್ರಗಳು ತಾವೇ ಅರ್ಥಮಾಡಿಕೊಂಡು ಹುಡುಕಿ ಕೊಡುತ್ತವೆ ಎಂಬ ವಾದವುಂಟು. ಯಂತ್ರ ಊಹಿಸಿ ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ. ಊಹಿಸದೆ ಬಿಟ್ಟದ್ದು ಕಾಣುವುದಿಲ್ಲ. ಹೆಸರಿಲ್ಲದೆ ಉಳಿದವರ ವಿಷಯದಲ್ಲಿ ಆ ಬಿಟ್ಟದ್ದೇ ಹೆಚ್ಚಿರುತ್ತದೆ.

ಆದ್ದರಿಂದ ಗಡಿಯ ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ ನಾಮಾಂತರಗಳ ಒಂದು ರಿಜಿಸ್ಟರು ಇರುವುದು ಅಗತ್ಯ. ಅದಕ್ಕೆ ಖರ್ಚಿಲ್ಲ. ಊರು, ವ್ಯಕ್ತಿ, ಆಚರಣೆ, ಕೃತಿ ಒಂದೊಂದಕ್ಕೂ ಒಂದು ಪುಟ. ರೋಮನ್ ಲಿಪಿಯಲ್ಲಿ ಕಂಡ ಎಲ್ಲ ರೂಪಗಳು, ಆಯಾ ಕಾಲದ ಜಿಲ್ಲೆ, ಆ ರೂಪ ಯಾವ ಲೇಖನದಲ್ಲಿ ಕಂಡಿತೆಂಬ ಗುರುತು. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಅಡಿಟಿಪ್ಪಣಿಗಳೇ ಹತ್ತು ಹೆಸರು ಕೊಡುತ್ತವೆ. ಮಂಜೇಶ್ವರದ ಗೋವಿಂದ ಪೈಗಳ ಹೆಸರನ್ನೇ ಮೊದಲಕ್ಷರ ಮುಂದಿಟ್ಟು, ಪೈ ಮುಂದಿಟ್ಟು, ಗೋವಿಂದ್ ಎಂದು ಮೊಟಕುಗೊಳಿಸಿ ಬರೆಯಬಹುದಾದ ರೂಪಗಳಿಂದ ಮೊದಲ ಪುಟ ತುಂಬೀತು. ವಿದ್ಯಾರ್ಥಿಗಳು ಬರೆಯಲಿ, ಗ್ರಂಥಪಾಲಕರು ಪರೀಕ್ಷಿಸಲಿ. ವಿಫಲವಾದ ಶೋಧಗಳಿಗೂ ಒಂದು ಅಂಕಣವಿರಲಿ: ಯಾವ ದಿನ, ಯಾವ ಡೇಟಾಬೇಸ್, ಯಾವ ಯಾವ ಪದ. ಅಧ್ಯಯನ ನಡೆದಿಲ್ಲವೆಂಬ ವಾಕ್ಯವನ್ನು ಪೀಠಿಕೆಯಲ್ಲಿ ಬರೆಯಲೇಬೇಕಾದವರು ಆ ಅಂಕಣದ ಪುಟಸಂಖ್ಯೆಯನ್ನು ಪಕ್ಕದಲ್ಲಿ ನಮೂದಿಸುವಂತಾಗಲಿ.